ಇಂಗ್ಲೆಂಡಿನ ಕಾಲ್ಚೆಂಡಾಟದಲ್ಲಿ ವಂಚನೆಯೂ ದಂಡನೆಯೂ: ೧೯೧೫ರ ಶುಭ ಶುಕ್ರವಾರದ ಪಂದ್ಯ

೧

ನಿಯಮವಿರುವ ಆಟಗಳಲ್ಲೆಲ್ಲ ನಿಯಮಭಂಗವೂ ಇರುವುದು ಸಹಜ. ಗದಾಯುದ್ಧದಲ್ಲಿ ನಾಭಿಯಿಂದ ಕೆಳಗೆ ಹೊಡೆಯಬಾರದೆಂಬ ಕಟ್ಟಳೆಯಿದ್ದರೂ ಭೀಮನು ದುರ್ಯೋಧನನ ತೊಡೆಯನ್ನು ಮುರಿದನು. ಶಿಷ್ಯರಿಬ್ಬರ ಕಾಳಗವನ್ನು ನೋಡುತ್ತಿದ್ದ ಬಲರಾಮನು ಕೆರಳಿ ನೇಗಿಲನ್ನೆತ್ತಿದನು. ಕೃಷ್ಣನು ನಡುವೆ ಬಂದು ಸಮಾಧಾನ ಹೇಳಿದನು. ಆಟದ ವಂಚನೆಯ ಪ್ರಶ್ನೆ ಎಲ್ಲಿ ಎದ್ದರೂ ಈ ಮೂವರು ಅಲ್ಲಿ ಇದ್ದೇ ಇರುತ್ತಾರೆ: ಕಟ್ಟಳೆಯನ್ನು ಮುರಿದವನು, ನೋಡಿ ಕೆರಳಿದವನು, ಲಾಭನಷ್ಟಗಳನ್ನು ತೂಗಿ ವ್ಯಾಜ್ಯವನ್ನು ಮುಗಿಸುವವನು. ಕಾಲ್ಚೆಂಡಾಟವು ಹಣದ ಕಸುಬಾಗಿ ಬೆಳೆದ ಇಂಗ್ಲೆಂಡಿನಲ್ಲಿ ಈ ಮೂವರ ಪಾತ್ರಗಳನ್ನು ಆಟಗಾರರೂ, ಪ್ರೇಕ್ಷಕರೂ, ಆಡಳಿತ ಮಂಡಲಿಗಳೂ ಹೇಗೆ ವಹಿಸಿದರೆಂಬುದನ್ನು ಒಂದು ಪ್ರಸಿದ್ಧ ಪ್ರಕರಣದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆ ಪ್ರಕರಣವು ೧೯೧೫ನೆಯ ಇಸವಿ ಏಪ್ರಿಲ್ ೨ನೆಯ ತಾರೀಖು, ಶುಭ ಶುಕ್ರವಾರದಂದು, ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಬಯಲಿನಲ್ಲಿ ನಡೆದ ಪಂದ್ಯಕ್ಕೆ ಸಂಬಂಧಪಟ್ಟುದು. ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ಲಿವರ್‌ಪೂಲ್ ತಂಡವನ್ನು ಎರಡು ಗೋಲುಗಳಿಂದ ಸೋಲಿಸಿತು. ಈ ಫಲವು ಆಟಗಾರರು ಮೊದಲೇ ಕೂಡಿ ಗೊತ್ತುಮಾಡಿಕೊಂಡ ಫಲವೆಂದು ಮುಂದೆ ವಿಚಾರಣೆಯಿಂದ ಸಿದ್ಧವಾಯಿತು. ಆದರೆ ಪಂದ್ಯವನ್ನು ಅರಿಯಬೇಕಾದರೆ ಅದರ ಹಿಂದಿನ ಮೂವತ್ತು ವರ್ಷಗಳ ಸ್ಥಿತಿಯನ್ನು ಮೊದಲು ತಿಳಿಯಬೇಕು.

೨

ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ೧೮೬೩ರಲ್ಲಿ ಲಂಡನಿನಲ್ಲಿ ಸ್ಥಾಪಿತವಾಯಿತು. ಅದನ್ನು ಕಟ್ಟಿದವರು ಬಹುಮಟ್ಟಿಗೆ ಶ್ರೀಮಂತ ಶಾಲೆಗಳಲ್ಲಿ ಓದಿದ ಗೌರವಸ್ಥರು. ಆಟವು ವಿನೋದಕ್ಕಾಗಿ, ಶೀಲದ ಶಿಕ್ಷಣಕ್ಕಾಗಿ ಇರತಕ್ಕದ್ದೇ ಹೊರತು ಹೊಟ್ಟೆಪಾಡಿಗಾಗಿ ಅಲ್ಲವೆಂಬುದು ಅವರ ಮತ. ಉತ್ತರದ ಲ್ಯಾಂಕಷೈರ್ ಸೀಮೆಯ ಗಿರಣಿ ಊರುಗಳಲ್ಲಾದರೋ ಆಟವು ದುಡಿಯುವ ಜನರ ಕೈಗೆ ಬಂದಿತ್ತು. ಅಲ್ಲಿಯ ತಂಡಗಳು ಒಳ್ಳೆಯ ಆಟಗಾರರನ್ನು ಸ್ಕಾಟ್ಲೆಂಡಿನಿಂದ ಕರೆತಂದು ಗುಟ್ಟಾಗಿ ಹಣ ಕೊಡುತ್ತಿದ್ದುವು. ೧೮೮೪ರಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ತಂಡದ ಮೇಲೆ ಲಂಡನಿನ ಅಪ್ಟನ್ ಪಾರ್ಕ್ ತಂಡದವರು ದೂರು ತಂದಾಗ, ಪ್ರೆಸ್ಟನಿನ ವಿಲಿಯಂ ಸಡೆಲನು ಸಂಗತಿಯನ್ನು ಮರೆಮಾಚದೆ ಒಪ್ಪಿಕೊಂಡನು. ತಂಡವನ್ನು ಆ ವರ್ಷದ ಕೂಟದಿಂದ ಹೊರಹಾಕಲಾಯಿತು. ಆದರೆ ಉತ್ತರದ ತಂಡಗಳು ಒಟ್ಟಾಗಿ ಬೇರೆಯಾಗುವ ಬೆದರಿಕೆಯನ್ನು ಒಡ್ಡಿದ್ದರಿಂದ ೧೮೮೫ರ ಜುಲೈ ತಿಂಗಳಲ್ಲಿ ವೇತನವನ್ನು ಕೊಡುವುದು ನಿಯಮಬದ್ಧವಾಯಿತು. ಮೂರು ವರ್ಷಗಳ ತರುವಾಯ, ೧೮೮೮ರಲ್ಲಿ, ಹನ್ನೆರಡು ತಂಡಗಳು ಸೇರಿ ಫುಟ್‌ಬಾಲ್ ಲೀಗನ್ನು ಕಟ್ಟಿಕೊಂಡುವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ವಂಚನೆಯೆಂಬ ಮಾತಿಗೆ ಅಂದು ಇದ್ದ ಮೊದಲನೆಯ ಅರ್ಥವು ಕೂಲಿಯನ್ನು ಪಡೆಯುವುದು. ಸಂಬಳಕ್ಕೆ ಆಡುವವನು ಗೌರವಸ್ಥನಲ್ಲ. ಗೌರವಸ್ಥನಲ್ಲದವನಿಂದ ಸತ್ಯಸಂಧತೆಯನ್ನು ನಿರೀಕ್ಷಿಸುವಂತಿಲ್ಲ. ಆದುದರಿಂದ ಅವನನ್ನು ಕಟ್ಟಳೆಗಳಿಂದ ಬಿಗಿಯಬೇಕು. ವೃತ್ತಿಪರ ಆಟಗಾರನ ಶಿಸ್ತಿನ ನಿಯಮಗಳು ಹುಟ್ಟಿದ್ದು ಈ ಅನುಮಾನದ ನೆಲದಲ್ಲಿ.

ಪೆನಾಲ್ಟಿ ಒದೆತದ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ. ೧೮೯೧ರ ಫೆಬ್ರವರಿ ೧೪ರಂದು ನಾಟ್ಸ್ ಕೌಂಟಿ ಮತ್ತು ಸ್ಟೋಕ್ ತಂಡಗಳ ನಡುವಣ ಕೂಟದ ಪಂದ್ಯದಲ್ಲಿ, ಗೋಲಿನೊಳಕ್ಕೆ ಹೋಗಲಿದ್ದ ಚೆಂಡನ್ನು ನಾಟ್ಸಿನ ಹೆಂಡ್ರಿ ಎಂಬ ರಕ್ಷಕನು ಕೈಯಿಂದ ತಡೆದನು. ಆಗಿನ ನಿಯಮದಂತೆ ಸ್ಟೋಕಿಗೆ ದೊರೆತದ್ದು ಗೋಲಿನ ಸಮೀಪದಲ್ಲಿ ಒಂದು ಸಾಮಾನ್ಯ ಒದೆತ ಮಾತ್ರ. ನಾಟ್ಸಿನವರೆಲ್ಲರೂ ಗೋಲಿನ ಗೆರೆಯ ಮೇಲೆ ಗೋಡೆಯಂತೆ ನಿಂತರು, ಒದೆತವು ವ್ಯರ್ಥವಾಯಿತು, ಸ್ಟೋಕ್ ಒಂದು ಗೋಲಿನಿಂದ ಸೋತಿತು. ಐರ್ಲೆಂಡಿನ ಆರ್ಮಾ ಸೀಮೆಯ ವಿಲಿಯಂ ಮೆಕ್ರಮನು ಹಿಂದಿನ ವರ್ಷವೇ ಸೂಚಿಸಿ ನಗೆಪಾಟಲಾಗಿದ್ದ ಪೆನಾಲ್ಟಿ ನಿಯಮವು ಆ ಜೂನ್ ತಿಂಗಳಲ್ಲಿ ಅಂಗೀಕೃತವಾಯಿತು. ಗೌರವಸ್ಥ ಆಟಗಾರರಿಗೆ ಇದು ಅವಮಾನವಾಗಿ ತೋರಿತು. ಬೇಕೆಂದೇ ಎದುರಾಳಿಯನ್ನು ಎಡವಿಸುವ, ಕೈಯಿಂದ ಚೆಂಡನ್ನು ತಡೆಯುವ ಜನರೆಂದು ತಮ್ಮನ್ನು ಎಣಿಸುವುದೇ ತಪ್ಪೆಂದು ಸಿ. ಬಿ. ಫ್ರೈ ಮೊದಲಾದವರು ಆಕ್ಷೇಪಿಸಿದರು. ಕೊರಿಂಥಿಯನ್ಸ್ ಎಂಬ ಹವ್ಯಾಸಿ ತಂಡದವರು ತಮಗೆ ದೊರೆತ ಪೆನಾಲ್ಟಿಯನ್ನು ಬೇಕೆಂದೇ ಹೊರಕ್ಕೆ ಒದೆಯುತ್ತಿದ್ದರೆಂಬ ಪ್ರತೀತಿಯೂ ಇದೆ. ಶೀಲವೇ ಸಾಕೆಂಬ ಪಕ್ಷಕ್ಕೂ ಶಾಸನವೂ ಬೇಕೆಂಬ ಪಕ್ಷಕ್ಕೂ ನಡೆದ ವಾದದಲ್ಲಿ ಶಾಸನದ ಪಕ್ಷವು ಗೆದ್ದಿತು.

೩

ಆದರೆ ಶಾಸನವು ಆಟಗಾರನ ಕೈಕಾಲುಗಳನ್ನು ಮಾತ್ರವಲ್ಲದೆ ಅವನ ಕೈಚೀಲವನ್ನೂ ಕಟ್ಟಿತು. ೧೯೦೧ರಿಂದ ಯಾವ ಆಟಗಾರನಿಗೂ ವಾರಕ್ಕೆ ನಾಲ್ಕು ಪೌಂಡಿಗಿಂತ ಹೆಚ್ಚು ವೇತನವನ್ನು ಕೊಡಕೂಡದೆಂಬ ನಿಯಮವು ಜಾರಿಗೆ ಬಂದಿತು. ತಂಡವನ್ನು ಬಿಟ್ಟು ಬೇರೊಂದಕ್ಕೆ ಹೋಗುವ ಸ್ವಾತಂತ್ರ್ಯವೂ ಅವನಿಗಿರಲಿಲ್ಲ. ಅವನ ಹೆಸರನ್ನು ನೋಂದಾಯಿಸಿಕೊಂಡಿದ್ದ ತಂಡವು ಒಪ್ಪಿದರೆ ಮಾತ್ರ ಹೋಗಬಹುದಾಗಿತ್ತು. ಸಾವಿರಾರು ಜನ ಹಣ ತೆತ್ತು ನೋಡುವ ಆಟದಲ್ಲಿ ಆಡುವವನಿಗೆ ಸಿಕ್ಕುವ ಪಾಲು ಹೀಗೆ ಮಿತವಾದ ಮೇಲೆ ಗುಟ್ಟಿನ ಸಂದಾಯಗಳು ಬೆಳೆದುದು ಆಶ್ಚರ್ಯವಲ್ಲ.

ವೇಲ್ಸಿನ ಬಿಲ್ಲಿ ಮೆರೆಡಿತನ ಪ್ರಕರಣವು ಈ ಗುಟ್ಟನ್ನು ಬಯಲುಮಾಡಿತು. ಮ್ಯಾಂಚೆಸ್ಟರ್ ಸಿಟಿ ತಂಡದಲ್ಲಿದ್ದ ಮೆರೆಡಿತನು ೧೯೦೫ರಲ್ಲಿ ಋತುವಿನ ಕೊನೆಯ ಪಂದ್ಯದಲ್ಲಿ ಸೋತುಕೊಡಬೇಕೆಂದು ಆಸ್ಟನ್ ವಿಲ್ಲಾ ತಂಡದ ಅಲೆಕ್ ಲೀಕನಿಗೆ ಹತ್ತು ಪೌಂಡುಗಳ ಆಸೆ ತೋರಿಸಿದನೆಂಬ ಆರೋಪಕ್ಕೆ ಗುರಿಯಾಗಿ ಆಟದಿಂದ ಬಹಿಷ್ಕೃತನಾದನು. ತಂಡವು ತನ್ನ ಕೈಬಿಟ್ಟಿತೆಂದು ಕಂಡಮೇಲೆ ಅವನು ನಿಯಮಕ್ಕೆ ಮೀರಿ ತಂಡವು ಕೊಡುತ್ತಿದ್ದ ಸಂಬಳಗಳ ವಿಷಯವನ್ನು ಹೊರಗೆಡಹಿದನು. ೧೯೦೬ರಲ್ಲಿ ಹದಿನೇಳು ಆಟಗಾರರಿಗೆ ದಂಡ ಬಿದ್ದಿತು. ಸಿಟಿ ತಂಡಕ್ಕೆ ಅವರು ಮತ್ತೆಂದೂ ಆಡಕೂಡದೆಂದು ಅಪ್ಪಣೆಯಾಯಿತು. ಕಾರ್ಯದರ್ಶಿಯಾದ ಟಾಮ್ ಮೇಲಿಗೂ ಬಹಿಷ್ಕಾರ ವಿಧಿಸಲ್ಪಟ್ಟಿತು. ಮೆರೆಡಿತನೂ ಸ್ಯಾಂಡಿ ಟರ್ನ್‌ಬುಲ್ಲನೂ ಇನ್ನಿಬ್ಬರೂ ಅದೇ ಊರಿನ ಯುನೈಟೆಡ್ ತಂಡಕ್ಕೆ ಸೇರಿದರು. ೧೯೦೮ ಮತ್ತು ೧೯೧೧ರಲ್ಲಿ ಲೀಗಿನ ಪ್ರಥಮ ಸ್ಥಾನವನ್ನೂ ೧೯೦೯ರಲ್ಲಿ ಕೂಟದ ಬಹುಮಾನವನ್ನೂ ಗಳಿಸಿದ್ದು ಈ ತಂಡವೇ. ೧೯೦೯ರ ಅಂತಿಮ ಪಂದ್ಯದ ಏಕೈಕ ಗೋಲನ್ನು ಹಾಕಿದವನು ಟರ್ನ್‌ಬುಲ್ಲನೇ. ಆಟಗಾರರ ಸಂಘವು ೧೯೦೭ರ ಡಿಸೆಂಬರಿನಲ್ಲಿ ಹುಟ್ಟಿದ್ದೂ ಮ್ಯಾಂಚೆಸ್ಟರಿನಲ್ಲಿ. ಎರಡು ವರ್ಷಗಳ ತರುವಾಯ ಆಡಳಿತದವರು ಸಂಘವನ್ನು ಬಿಡಬೇಕೆಂದು ಒತ್ತಾಯಪಡಿಸಿದಾಗ ಕೊನೆಯವರೆಗೆ ಜಗ್ಗದೆ ನಿಂತವರಲ್ಲಿ ಯುನೈಟೆಡಿನವರೇ ಮುಂದಾಳುಗಳು.

ಹೀಗೆ ೧೯೧೫ರ ಹೊತ್ತಿಗೆ ಓಲ್ಡ್ ಟ್ರಾಫರ್ಡಿನ ಆಟಗಾರರಲ್ಲಿ ಎರಡು ನೆನಪುಗಳು ಬಲವಾಗಿದ್ದುವು: ನಿಯಮವು ತಮ್ಮ ದುಡಿಮೆಯ ಬೆಲೆಯನ್ನು ಕಟ್ಟಿಹಾಕಿದೆಯೆಂಬುದು ಒಂದು, ದಂಡನೆಯ ಭಾರ ಬಹುಮಟ್ಟಿಗೆ ತಮ್ಮ ತಲೆಯ ಮೇಲೆಯೇ ಬೀಳುತ್ತದೆಯೆಂಬುದು ಇನ್ನೊಂದು. ಇದು ಮುಂದಿನ ತಪ್ಪಿಗೆ ಸಮರ್ಥನೆಯಾಗದು. ಆದರೆ ಅದರ ಹಿನ್ನೆಲೆಯೆಂಬುದರಲ್ಲಿ ಸಂದೇಹವಿಲ್ಲ.

೪

೧೯೧೪ರ ಆಗಸ್ಟಿನಲ್ಲಿ ಯೂರೋಪಿನ ಮಹಾಯುದ್ಧ ಮೊದಲಾಯಿತು. ತರುಣರು ಫ್ರಾನ್ಸಿನ ಕಂದಕಗಳಲ್ಲಿ ಸಾಯುತ್ತಿರುವಾಗ ದೃಢಕಾಯರಾದ ಆಟಗಾರರು ಸಂಬಳಕ್ಕಾಗಿ ಚೆಂಡನ್ನು ಒದೆಯುವುದು ಸರಿಯೆ ಎಂಬ ಪ್ರಶ್ನೆ ಪತ್ರಿಕೆಗಳಲ್ಲಿ ಎದ್ದಿತು. ಆದಾಗ್ಯೂ ಲೀಗು ಆ ಋತುವನ್ನು ಮುಗಿಸಲು ನಿಶ್ಚಯಿಸಿತು. ಇದರ ಮುಂದೆ ಆಟವು ನಿಲ್ಲುವುದೆಂಬುದನ್ನು ಎಲ್ಲರೂ ಊಹಿಸಿದ್ದರು. ಆಟಗಾರನ ಪಾಲಿಗೆ ಇದರ ಅರ್ಥವು ಸ್ಪಷ್ಟ: ಸಂಬಳವು ನಿಲ್ಲುವುದು, ಯುದ್ಧವೆಂದು ಮುಗಿಯುವುದೋ ಯಾರೂ ಬಲ್ಲವರಲ್ಲ, ಮುಗಿಯುವಷ್ಟರಲ್ಲಿ ಮೂವತ್ತರ ಅಂಚಿನಲ್ಲಿರುವವನ ಆಟವೂ ಮುಗಿದಿರುವುದು.

ಯುನೈಟೆಡ್ ತಂಡವು ಆ ವರ್ಷ ಕೆಳಗಿನ ಶ್ರೇಣಿಗೆ ಜಾರುವ ಅಪಾಯದಲ್ಲಿತ್ತು. ಲಿವರ್‌ಪೂಲಿಗೆ ಮೇಲೇರುವ ಆಸೆಯೂ ಕೆಳಗಿಳಿಯುವ ಭಯವೂ ಇರಲಿಲ್ಲ. ಪಂದ್ಯದಲ್ಲಿ ಯುನೈಟೆಡಿನ ಜಾರ್ಜ್ ಆಂಡರ್ಸನನು ಎರಡು ಗೋಲುಗಳನ್ನು ಹಾಕಿದನು. ಒಂದು ಪೆನಾಲ್ಟಿ ಒದೆತವು ಗುರಿಯಿಂದ ಬಹುದೂರ ಹೋಯಿತು. ಲಿವರ್‌ಪೂಲಿನ ಫ್ರೆಡ್ ಪ್ಯಾಗ್ನಮನು ಹೊಡೆದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದಾಗ ಅವನ ಸಂಗಡಿಗರೇ ಅವನ ಮೇಲೆ ಸಿಡುಕಿದರೆಂದು ತಿಳಿದುಬಂದಿದೆ. ಯುನೈಟೆಡಿನ ಪರವಾಗಿ ಆಡುತ್ತಿದ್ದ ಮೆರೆಡಿತನು, ತನಗೆ ಒಳಸಂಚಿನ ಅರಿವಿರಲಿಲ್ಲವೆಂದೂ, ಸಂಗಡಿಗರು ಯಾರೂ ತನ್ನ ಕಡೆಗೆ ಚೆಂಡನ್ನು ಕಳಿಸದಿದ್ದಾಗ ಸಂಶಯ ಹುಟ್ಟಿತೆಂದೂ ತರುವಾಯ ಹೇಳಿದನು.

ಪ್ರೇಕ್ಷಕರಿಗೆ ಇಷ್ಟು ಸಾಕಾಯಿತು. ತಮ್ಮ ತಂಡವೇ ಗೆಲ್ಲುತ್ತಿದ್ದರೂ ಮ್ಯಾಂಚೆಸ್ಟರಿನ ಜನ ಮೂದಲಿಸತೊಡಗಿದರು. ಪಂದ್ಯದ ತೀರ್ಪುಗಾರನಿಗೂ ಲಿವರ್‌ಪೂಲಿನವರ ನಿರುತ್ಸಾಹವು ವಿಚಿತ್ರವಾಗಿ ಕಂಡಿತು. ಕೆಲವು ದಿನಗಳಲ್ಲಿಯೇ ಕರಪತ್ರಗಳು ಹರಡಿದುವು. ಎರಡಕ್ಕೆ ಸೊನ್ನೆಯೆಂಬ ಇದೇ ಫಲದ ಮೇಲೆ, ಒಂದಕ್ಕೆ ಏಳರ ದರದಲ್ಲಿ, ಬಹಳ ಹಣವನ್ನು ಪಣವಾಗಿ ಇಡಲಾಗಿತ್ತೆಂಬುದು ಅವುಗಳ ಆಪಾದನೆ. ಗೆಲ್ಲುವವರು ಯಾರೆಂದು ಊಹಿಸಿ ಪಣ ಕಟ್ಟುವುದು ಬೇರೆ. ಗೋಲುಗಳ ಸಂಖ್ಯೆಯನ್ನೇ ಹಲವರು ಹಲವು ಕಡೆ ಒಂದೇ ಸಮನೆ ಊಹಿಸಿ ಕಟ್ಟುವುದು ಬೇರೆ. ಪಣ ಹಿಡಿಯುವ ವ್ಯಾಪಾರಿಗಳು ಇದನ್ನು ತಕ್ಷಣವೇ ಗ್ರಹಿಸಿದರು.

ಈ ವಿಷಯದಲ್ಲಿ ಪ್ರೇಕ್ಷಕರಿಗೆ ಸಲ್ಲತಕ್ಕ ಮನ್ನಣೆಯನ್ನು ಚರಿತ್ರೆ ಬರೆದವರು ಸಾಕಷ್ಟು ಸಲ್ಲಿಸಿಲ್ಲವೆಂದು ತೋರುತ್ತದೆ. ಅಭಿಮಾನಿಗಳಿಗೆ ಗೆಲುವೊಂದೇ ಬೇಕು, ನ್ಯಾಯವಲ್ಲ, ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಆ ಶುಕ್ರವಾರದಂದು ಓಲ್ಡ್ ಟ್ರಾಫರ್ಡಿನಲ್ಲಿ ಗೆದ್ದ ಪಕ್ಷದ ಜನರೇ ಗೆಲುವನ್ನು ಅನುಮಾನಿಸಿದರು. ತಾವು ಹಣ ತೆತ್ತುದು ಫಲಕ್ಕಾಗಿಯಲ್ಲ, ಫಲವು ಇನ್ನೂ ನಿಶ್ಚಯವಾಗಿಲ್ಲವೆಂಬ ಭರವಸೆಗಾಗಿ, ಎಂಬುದನ್ನು ಅವರು ಯಾವ ಶಾಸ್ತ್ರದ ಸಹಾಯವೂ ಇಲ್ಲದೆ ಅರಿತಿದ್ದರು.

೫

ಆಡಳಿತದವರ ವಿಚಾರಣೆಯು ತಿಂಗಳುಗಟ್ಟಲೆ ನಡೆದು, ೧೯೧೫ರ ಡಿಸೆಂಬರ್ ಕೊನೆಯಲ್ಲಿ ತೀರ್ಪು ಹೊರಬಿದ್ದಿತು. ಪಂದ್ಯದ ಫಲವು ಪೂರ್ವನಿಶ್ಚಿತವಾಗಿತ್ತೆಂದೂ, ಪಣದಿಂದ ಆಟಗಾರರಲ್ಲಿ ಕೆಲವರಿಗೆ ಲಾಭವಾಯಿತೆಂದೂ ಸಿದ್ಧವಾಯಿತು. ಯುನೈಟೆಡಿನ ಸ್ಯಾಂಡಿ ಟರ್ನ್‌ಬುಲ್, ಆರ್ಥರ್ ವ್ಹೇಲಿ, ಈನಕ್ ವೆಸ್ಟ್ ಎಂಬ ಮೂವರೂ, ಲಿವರ್‌ಪೂಲಿನ ಜಾಕಿ ಶೆಲ್ಡನ್, ಟಾಮ್ ಮಿಲ್ಲರ್, ಬಾಬ್ ಪರ್ಸೆಲ್, ಟಾಮಸ್ ಫೇರ್‌ಫೌಲ್ ಎಂಬ ನಾಲ್ವರೂ ಆಜೀವ ಬಹಿಷ್ಕೃತರಾದರು. ಹಿಂದೆ ಯುನೈಟೆಡಿನಲ್ಲಿ ಆಡಿ ಆಮೇಲೆ ಲಿವರ್‌ಪೂಲಿಗೆ ಹೋಗಿದ್ದ ಶೆಲ್ಡನನೇ ಸಂಚಿನ ಸೂತ್ರಧಾರನೆಂದು ಕಂಡುಬಂದಿತು. ಯುನೈಟೆಡಿನ ಮೂವರಲ್ಲಿ ಆ ದಿನ ಪಂದ್ಯದಲ್ಲಿ ಆಡಿದವನು ವೆಸ್ಟನೊಬ್ಬನೇ.

ಸಂಚಿಗೆ ಒಪ್ಪದವರೂ ಇದ್ದರೆಂಬುದನ್ನು ಇಲ್ಲಿಯೇ ಹೇಳಬೇಕು. ಪ್ಯಾಗ್ನಮನು ತಾನು ಗೋಲು ಹಾಕಿಯೇ ಹಾಕುವೆನೆಂದು ಸಂಗಡಿಗರನ್ನು ಎದುರಿಸಿದವನು. ವಿಚಾರಣೆಯಲ್ಲಿಯೂ ಅವರ ವಿರುದ್ಧ ಸಾಕ್ಷ್ಯ ನುಡಿದನು. ಎರಡು ಗೋಲುಗಳನ್ನು ಹಾಕಿದ ಆಂಡರ್ಸನನೂ ಸಂಚಿನಲ್ಲಿ ಸೇರಿರಲಿಲ್ಲ. ಅದೇ ವೇತನ, ಅದೇ ಯುದ್ಧದ ಭೀತಿ, ಅದೇ ಆಸೆ ಇವರ ಮುಂದೆಯೂ ಇದ್ದುವು. ಆದುದರಿಂದ ಬಡತನವೇ ವಂಚನೆಗೆ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಇವರಿಗೆ ಮಾಡುವ ಅನ್ಯಾಯವಾದೀತು.

ಮಹಾಯುದ್ಧವು ಈ ತೀರ್ಪನ್ನು ಅನಿರೀಕ್ಷಿತವಾಗಿ ಬದಲಿಸಿತು. ಟರ್ನ್‌ಬುಲ್ಲನು ಸೈನ್ಯಕ್ಕೆ ಸೇರಿ ೧೯೧೭ರ ಮೇ ೩ರಂದು ಅರಾಸ್ ಕದನದಲ್ಲಿ ಮಡಿದನು. ಸಂಧಿಯಾದ ಬಳಿಕ, ೧೯೧೯ರಲ್ಲಿ, ಆಟಗಾರರು ಮಾಡಿದ ಯುದ್ಧಸೇವೆಯನ್ನು ಮನ್ನಿಸಿ ಅಸೋಸಿಯೇಷನ್ನು ಬಹಿಷ್ಕಾರಗಳನ್ನು ತೆಗೆದುಹಾಕಿತು. ಮಡಿದ ಟರ್ನ್‌ಬುಲ್ಲನ ಹೆಸರಿಗೂ ಕ್ಷಮೆ ದೊರೆಯಿತು. ಶೆಲ್ಡನನು ಮತ್ತೆ ಲಿವರ್‌ಪೂಲಿಗೆ ಆಡಿದನು. ಮಿಲ್ಲರನು ೧೯೨೦ರಲ್ಲಿ ಸ್ಕಾಟ್ಲೆಂಡಿನ ಪರವಾಗಿ ಆಡಿದುದಲ್ಲದೆ, ತಾನು ಸೋತುಕೊಟ್ಟ ಯುನೈಟೆಡ್ ತಂಡಕ್ಕೇ ಆಟಗಾರನಾಗಿ ಹೋದನು.

೬

ಕ್ಷಮೆಯಿಂದ ಹೊರಗುಳಿದವನು ಈನಕ್ ವೆಸ್ಟನೊಬ್ಬನು. ನಾಟಿಂಗ್‌ಹ್ಯಾಂ ಫಾರೆಸ್ಟ್ ತಂಡದಲ್ಲಿದ್ದಾಗ ೧೯೦೭-೦೮ರ ಋತುವಿನಲ್ಲಿ ಪ್ರಥಮ ಶ್ರೇಣಿಯಲ್ಲೆಲ್ಲ ಅತ್ಯಧಿಕ ಗೋಲುಗಳನ್ನು ಹಾಕಿ ಹೆಸರು ಗಳಿಸಿದ್ದ ಇವನು ೧೯೧೦ರಲ್ಲಿ ಯುನೈಟೆಡಿಗೆ ಬಂದಿದ್ದನು. ತಾನು ನಿರಪರಾಧಿಯೆಂದು ಅವನು ಕಡೆಯವರೆಗೂ ಸಾಧಿಸಿದನು. ತನ್ನ ಮಾನಕ್ಕೆ ಹಾನಿಯಾಯಿತೆಂದು ೧೯೧೭ರಲ್ಲಿ ಅಸೋಸಿಯೇಷನ್ನಿನ ಮೇಲೆ ವ್ಯಾಜ್ಯ ಹೂಡಿ ಸೋತನು. ಮೇಲಿನ ನ್ಯಾಯಾಲಯದಲ್ಲಿಯೂ ಸೋತನು. ಅವನ ಬಹಿಷ್ಕಾರವು ತೆರವಾದುದು ೧೯೪೫ರಲ್ಲಿ, ಎರಡನೆಯ ಮಹಾಯುದ್ಧವೂ ಮುಗಿದ ವರ್ಷದಲ್ಲಿ. ಆಗ ಅವನಿಗೆ ವಯಸ್ಸು ಐವತ್ತೊಂಬತ್ತು. ೧೯೬೫ರಲ್ಲಿ ಅವನು ತೀರಿಕೊಂಡನು.

ವೆಸ್ಟನು ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ನ್ಯಾಯಾಲಯವು ಎರಡು ಸಲ ಪರಿಶೀಲಿಸಿತು. ಆ ತೀರ್ಪನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಇಲ್ಲಿ ವಿಚಾರಾರ್ಹವಾದುದು ದಂಡನೆಯ ಪ್ರಮಾಣ. ಒಂದೇ ತಪ್ಪಿಗೆ ಏಳು ಜನರಿಗೆ ಒಂದೇ ದಂಡನೆ ವಿಧಿಸಲ್ಪಟ್ಟಿತು. ಆರು ಜನರಿಗೆ ಅದು ನಾಲ್ಕು ವರ್ಷಗಳೊಳಗೆ ಮುಗಿಯಿತು. ಅಷ್ಟು ಕಾಲವೂ ಯುದ್ಧದ ನಿಮಿತ್ತ ಲೀಗು ನಿಂತೇ ಇದ್ದುದರಿಂದ ಅವರು ಕಳೆದುಕೊಂಡ ಲೀಗಿನ ಪಂದ್ಯಗಳು ಇಲ್ಲವೆಂದೇ ಹೇಳಬಹುದು. ಸಂಚಿನ ಸೂತ್ರಧಾರನೆನಿಸಿದವನೂ ಮರಳಿ ಬಂದನು. ಏಳನೆಯವನಿಗೆ ಅದು ಮೂವತ್ತು ವರ್ಷಗಳ ದಂಡನೆಯಾಯಿತು. ತಪ್ಪಿಗೂ ಶಿಕ್ಷೆಗೂ ಇರತಕ್ಕ ಸಂಬಂಧವು ಹೀಗೆ ಕಡಿದುಹೋಯಿತು. ನಿಯಮವನ್ನು ರಚಿಸುವವರೂ, ವಿಚಾರಣೆ ನಡೆಸುವವರೂ, ಶಿಕ್ಷೆ ವಿಧಿಸುವವರೂ, ಕ್ಷಮಿಸುವವರೂ ಒಬ್ಬರೇ ಆಗಿದ್ದಲ್ಲಿ, ಅವರ ಅಧಿಕಾರವನ್ನು ಪ್ರಶ್ನಿಸಿದವನು ಅದನ್ನು ತಲೆಬಾಗಿ ಒಪ್ಪಿದವನಿಗಿಂತ ಹೆಚ್ಚಾಗಿ ನೊಂದನೆಂಬುದು ಈ ಪ್ರಕರಣದ ಕಹಿಯಾದ ಪಾಠ.

೭

ಇನ್ನು ಪಂದ್ಯದ ಫಲದ ಮಾತು. ಆಟಗಾರರು ಮಾಡಿದುದು ತಂಡಗಳಿಗೆ ತಿಳಿಯದೆಂಬ ಕಾರಣದಿಂದ ಯಾವ ತಂಡಕ್ಕೂ ದಂಡ ಬೀಳಲಿಲ್ಲ, ಫಲವೂ ರದ್ದಾಗಲಿಲ್ಲ. ಋತುವಿನ ಕೊನೆಯಲ್ಲಿ ಯುನೈಟೆಡಿಗೆ ೩೦ ಅಂಕಗಳು, ಚೆಲ್ಸಿಗೆ ೨೯, ಟಾಟನ್‌ಹ್ಯಾಂ ಹಾಟ್‌ಸ್ಪರಿಗೆ ೨೮. ಆಗ ಗೆಲುವಿಗೆ ಎರಡು ಅಂಕಗಳು ಸಲ್ಲುತ್ತಿದ್ದುವು. ಶುಭ ಶುಕ್ರವಾರದ ಎರಡು ಅಂಕಗಳನ್ನು ಕಳೆದರೆ ಯುನೈಟೆಡು ಚೆಲ್ಸಿಗಿಂತ ಕೆಳಗಾಗಿ ಕೊನೆಯ ಇಬ್ಬರಲ್ಲಿ ಒಂದಾಗುತ್ತಿತ್ತೆಂಬುದು ಯಾರಿಗಾದರೂ ತೋರುವ ಲೆಕ್ಕ.

೧೯೧೯ರಲ್ಲಿ ಲೀಗು ಪುನರಾರಂಭವಾದಾಗ ಪ್ರಥಮ ಶ್ರೇಣಿಯನ್ನು ಇಪ್ಪತ್ತರಿಂದ ಇಪ್ಪತ್ತೆರಡು ತಂಡಗಳಿಗೆ ಹೆಚ್ಚಿಸಲಾಯಿತು. ಚೆಲ್ಸಿಯನ್ನು ಅಲ್ಲಿಯೇ ಉಳಿಸಿಕೊಂಡರು. ಉಳಿದ ಒಂದು ಸ್ಥಾನಕ್ಕಾಗಿ ಮತ ತೆಗೆದುಕೊಂಡಾಗ, ಎರಡನೆಯ ಶ್ರೇಣಿಯಲ್ಲಿದ್ದ ಆರ್ಸೆನಲ್ ತಂಡಕ್ಕೆ ೧೮ ಮತಗಳೂ ಟಾಟನ್‌ಹ್ಯಾಂ ತಂಡಕ್ಕೆ ೮ ಮತಗಳೂ ಬಂದುವು. ಉತ್ತರ ಲಂಡನಿನ ಈ ಎರಡು ತಂಡಗಳ ಅಭಿಮಾನಿಗಳಲ್ಲಿ ಇಂದಿಗೂ ಇರುವ ಹಗೆಗೆ ಈ ಮತದಾನವೂ ಒಂದು ಮುಖ್ಯ ಕಾರಣ. ಹೀಗೆ, ಮ್ಯಾಂಚೆಸ್ಟರಿನಲ್ಲಿ ನಡೆದ ಒಂದು ವಂಚನೆಗೆ ಸಮಾಧಾನವನ್ನು ಹುಡುಕಿದಾಗ ಲಂಡನಿನಲ್ಲಿ ಮತ್ತೊಂದು ದೂರು ಹುಟ್ಟಿತು. ವಂಚಿತರಾದವರಿಗೆ ಸ್ಥಳ ಮಾಡಿಕೊಟ್ಟರೇ ಹೊರತು, ವಂಚನೆಯಿಂದ ಲಾಭ ಪಡೆದವರಿಂದ ಯಾರೂ ಏನನ್ನೂ ಹಿಂತೆಗೆದುಕೊಳ್ಳಲಿಲ್ಲ.

ಶಾಸನವೂ ಸುಮ್ಮನಿರಲಿಲ್ಲ. ೧೯೨೦ರಲ್ಲಿ ಪಾರ್ಲಿಮೆಂಟು ಕಾಲ್ಚೆಂಡಾಟದ ಮೇಲೆ ನಗದು ಪಣವನ್ನು ಹಿಡಿಯುವುದರ ವಿರುದ್ಧ ಒಂದು ಕಾಯಿದೆಯನ್ನೇ ಮಾಡಿತು. ಅದರಿಂದ ಜೂಜು ನಿಲ್ಲಲಿಲ್ಲ, ರೂಪವನ್ನು ಬದಲಿಸಿಕೊಂಡಿತು.

೮

ಈ ಚರಿತ್ರೆಯ ಪುನರಾವೃತ್ತಿಯು ನಲವತ್ತೇಳು ವರ್ಷಗಳ ಮೇಲೆ ಕಾಣಬರುತ್ತದೆ. ೧೯೬೨ರ ಡಿಸೆಂಬರ್ ೧ರಂದು ಇಪ್ಸ್‌ವಿಚ್ ತಂಡದೊಡನೆ ಆಡಿದ ಪಂದ್ಯದಲ್ಲಿ ಷೆಫೀಲ್ಡ್ ವೆನ್ಸ್‌ಡೇ ತಂಡದ ಪೀಟರ್ ಸ್ವಾನ್, ಟೋನಿ ಕೇ, ಡೇವಿಡ್ ಲೇನ್ ಎಂಬ ಮೂವರು ತಮ್ಮ ತಂಡವೇ ಸೋಲುವುದೆಂದು ತಲಾ ೫೦ ಪೌಂಡುಗಳ ಪಣವನ್ನು ಕಟ್ಟಿದರು. ಅಂದಿನ ಫಲವೂ ಎರಡಕ್ಕೆ ಸೊನ್ನೆಯೇ. ೧೯೬೪ರಲ್ಲಿ ಒಂದು ಭಾನುವಾರದ ಪತ್ರಿಕೆಯು ಇದನ್ನು ಬಯಲಿಗೆಳೆಯಿತು. ೧೯೬೫ರ ಜನವರಿಯಲ್ಲಿ ಈ ಮೂವರಿಗೆ ನಾಲ್ಕು ತಿಂಗಳ ಸೆರೆಯೂ, ಇಂತಹ ಹಲವು ಪಂದ್ಯಗಳ ಜಾಲವನ್ನು ಹೆಣೆದ ಜಿಮ್ಮಿ ಗಾಲ್ಡನಿಗೆ ನಾಲ್ಕು ವರ್ಷಗಳ ಸೆರೆಯೂ ವಿಧಿಸಲ್ಪಟ್ಟುವು. ಇದರ ಮೇಲೆ ಆಜೀವ ಬಹಿಷ್ಕಾರವೂ ಬಿದ್ದು, ೧೯೭೨ರಲ್ಲಿ ಅದು ತೆರವಾದಾಗ ಸ್ವಾನನು ಸ್ವಲ್ಪಕಾಲ ಮತ್ತೆ ಆಡಿದನು. ಆದರೆ ಅವನ ಆಟದ ಹರೆಯವು ಕಳೆದುಹೋಗಿತ್ತು.

ಇಲ್ಲಿ ಎರಡು ಭೇದಗಳನ್ನು ಗುರುತಿಸಬಹುದು. ಮೊದಲನೆಯದು, ಗರಿಷ್ಠ ವೇತನದ ನಿಯಮವು ೧೯೬೧ರಲ್ಲಿಯೇ ರದ್ದಾಗಿತ್ತು. ಆದುದರಿಂದ ವೇತನದ ಬಿಗಿ ಸಡಿಲಿದ ಮಾತ್ರಕ್ಕೆ ವಂಚನೆಯು ನಿಲ್ಲದೆಂಬುದು ಸ್ಪಷ್ಟವಾಯಿತು. ಎರಡನೆಯದು, ೧೯೧೫ರಲ್ಲಿ ಆಟಗಾರರನ್ನು ಬಹಿಷ್ಕರಿಸಿದುದು ಆಟದ ಆಡಳಿತ. ೧೯೬೫ರಲ್ಲಿ ಅವರನ್ನು ಸೆರೆಗೆ ಕಳುಹಿಸಿದುದು ದೇಶದ ನ್ಯಾಯಾಲಯ. ಆಟದ ವಂಚನೆಯು ಆಟದೊಳಗಿನ ಸಂಗತಿ ಮಾತ್ರವೆಂಬ ಹಳೆಯ ಭಾವನೆಯು ಇದರೊಡನೆ ಕೊನೆಗಂಡಿತು.

೯

ಫಲವನ್ನು ಮಾರುವ ವಂಚನೆಗೂ ಆಟದ ಬಿಸಿಯಲ್ಲಿ ನಿಯಮವನ್ನು ಮುರಿಯುವುದಕ್ಕೂ ಪ್ರೇಕ್ಷಕರು ಯಾವಾಗಲೂ ಭೇದವನ್ನೆಣಿಸಿದ್ದಾರೆ. ೨೦೧೦ರ ಜುಲೈ ೨ರಂದು ಜೊಹಾನೆಸ್‌ಬರ್ಗಿನಲ್ಲಿ ನಡೆದ ವಿಶ್ವಕೂಟದ ಪಂದ್ಯದಲ್ಲಿ ಘಾನಾ ದೇಶದ ಗೋಲಾಗಲಿದ್ದ ಚೆಂಡನ್ನು ಉರುಗ್ವೆಯ ಲೂಯಿಸ್ ಸುವಾರೆಸನು ಗೆರೆಯ ಮೇಲೆ ಕೈಯಿಂದ ತಡೆದನು. ೧೮೯೧ರಲ್ಲಿ ಹೆಂಡ್ರಿ ಮಾಡಿದುದೂ ಇದನ್ನೇ. ಹೆಂಡ್ರಿಗೆ ದಂಡನೆಯೇ ಆಗಲಿಲ್ಲ. ಸುವಾರೆಸನು ಕೆಂಪು ಚೀಟಿ ಪಡೆದು ಹೊರಹೋದನು, ಘಾನಾಕ್ಕೆ ಪೆನಾಲ್ಟಿಯೂ ದೊರೆಯಿತು. ಪೆನಾಲ್ಟಿ ತಪ್ಪಿತು, ಕೊನೆಗೆ ಉರುಗ್ವೆ ಗೆದ್ದಿತು. ನಿಯಮದ ಬೆಲೆಯನ್ನು ಪೂರ್ತಿಯಾಗಿ ತೆತ್ತವನು ವಂಚಕನೆ, ಅಥವಾ ತನ್ನ ಪಕ್ಷಕ್ಕಾಗಿ ಬಲಿಯಾದವನೆ, ಎಂದು ಅಭಿಮಾನಿಗಳು ಇನ್ನೂ ವಾದಿಸುತ್ತಿದ್ದಾರೆ. ಆದರೆ ಶೆಲ್ಡನನ ಸಂಚಿನ ವಿಷಯದಲ್ಲಿ ಇಂತಹ ವಾದಕ್ಕೆ ಎಡೆಯೇ ಇಲ್ಲ. ಸುವಾರೆಸನು ಗೆಲ್ಲುವುದಕ್ಕಾಗಿ ನಿಯಮವನ್ನು ಮುರಿದನು, ಅದೂ ಎಲ್ಲರ ಕಣ್ಣೆದುರಿಗೆ. ಶೆಲ್ಡನನ ಪಕ್ಷದವರು ಒಂದು ನಿಯಮವನ್ನೂ ಮುರಿಯದೆ ಆಟವನ್ನೇ ಮುರಿದರು.

ಮೇಲಿನ ವಿವರಗಳಿಂದ ಸಿದ್ಧವಾಗುವುದಿಷ್ಟು. ವೃತ್ತಿಪರ ಆಟದ ಶಿಸ್ತು ಹುಟ್ಟಿದುದು ದುಡಿಯುವ ಆಟಗಾರನ ಮೇಲಿನ ಅಪನಂಬಿಕೆಯಿಂದ. ಆ ಅಪನಂಬಿಕೆಯು ಅವನ ವೇತನವನ್ನು ಕಟ್ಟಿ, ಗುಟ್ಟಿನ ದಾರಿಗಳಿಗೆ ತಾನೇ ಎಡೆಮಾಡಿತು. ವಂಚನೆ ನಡೆದಾಗ ಆಟಗಾರನು ದಂಡಿತನಾದನು, ಲಾಭ ಪಡೆದ ತಂಡವು ಉಳಿಯಿತು. ತಲೆಬಾಗಿದವನಿಗೆ ಕ್ಷಮೆ ದೊರೆಯಿತು, ಎದುರಾಡಿದವನಿಗೆ ದೊರೆಯಲಿಲ್ಲ. ವಂಚನೆಯನ್ನು ಮೊದಲು ಗುರುತಿಸಿ ಕೂಗಿದವರಾದರೋ ಬಯಲಿನ ಅಂಚಿನಲ್ಲಿ ನಿಂತ ಸಾಮಾನ್ಯ ಜನರು. ದಂಡಿಸುವ ಅಧಿಕಾರ ಯಾವ ಮಂಡಲಿಯದೇ ಆಗಿರಲಿ, ಆಟವು ಸತ್ಯವಾಗಿರಬೇಕೆಂಬ ಹಕ್ಕು ಈ ಜನರದು. ಆ ಹಕ್ಕನ್ನು ಮರೆತು ವಿಧಿಸಿದ ಶಿಸ್ತು ಆಟಗಾರನನ್ನು ಹೆದರಿಸಬಲ್ಲುದು, ಆಟವನ್ನು ಕಾಪಾಡಲಾರದು.